ಬಿಸಿಲಿನ ಜಮಾಖರ್ಚು

ಮೂವತ್ತಮೂರು ವರ್ಷಗಳ ಕಾಲ ಜಿಲ್ಲಾ ಕೇಂದ್ರವೊಂದರ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸಿದವನು ನಾನು. ವಿದ್ಯುತ್ಪ್ರವಾಹ ಎಂದರೇನು, ವೋಲ್ಟೇಜು ಎಂದರೇನು, ಬ್ಯಾಟರಿಯಲ್ಲಿ ಶಕ್ತಿ ಹೇಗೆ ಶೇಖರವಾಗುತ್ತದೆ ಎಂಬ ಪಾಠಗಳನ್ನು ಎಷ್ಟು ತಂಡಗಳ ಹುಡುಗರಿಗೆ ಹೇಳಿದೆನೋ ನೆನಪಿಲ್ಲ. ಅಷ್ಟೆಲ್ಲ ಹೇಳಿದ ಮೇಷ್ಟ್ರು ನಿವೃತ್ತಿಯ ನಂತರ, ಪರದೇಶದ ಮರುಭೂಮಿಯಲ್ಲಿ, ಒಂದು ಬ್ಯಾಟರಿಯ ಮುಂದೆ ಪೆಚ್ಚಾಗಿ ಕುಳಿತ ಪ್ರಸಂಗವನ್ನು ಇಂದು ನಿಮಗೆ ಹೇಳಬೇಕೆಂದಿದ್ದೇನೆ. ಪ್ರಸಂಗ ಸಣ್ಣದು. ಆದರೆ ಅದರಿಂದ ನಾನು ಕಲಿತ ಸಂಗತಿ, ಮನೆಯಲ್ಲಿ ಇನ್ವರ್ಟರ್ ಇಟ್ಟುಕೊಂಡಿರುವ, ತಾರಸಿಯ ಮೇಲೆ ಸೌರಫಲಕ ಹಾಕಿಸಬೇಕೆಂದಿರುವ ಯಾರಿಗಾದರೂ ಉಪಯೋಗಕ್ಕೆ ಬಂದೀತು.

ನನ್ನ ಮಗಳು ಅಮೆರಿಕದ ಆರಿಜೋನ ರಾಜ್ಯದ ಫೀನಿಕ್ಸ್ ನಗರದಲ್ಲಿದ್ದಾಳೆ. 2023ರ ಜನವರಿಯಲ್ಲಿ ನಾನೂ ನನ್ನ ಹೆಂಡತಿಯೂ ಅವಳಲ್ಲಿಗೆ ಹೋಗಿದ್ದೆವು. ಅವಳಲ್ಲಿ ಎರಡನೆಯ ಕೈಯಿಂದ ಕೊಂಡ ಒಂದು ಕ್ಯಾಂಪರ್ ವ್ಯಾನು ಇತ್ತು. ಕ್ಯಾಂಪರ್ ಎಂದರೆ ಮನೆಯನ್ನೇ ಹೊಟ್ಟೆಯಲ್ಲಿಟ್ಟುಕೊಂಡ ಮೋಟಾರು ಗಾಡಿ. ಹಾಸಿಗೆ, ಒಲೆ, ತಂಗಳುಪೆಟ್ಟಿಗೆ, ನಾಲ್ಕು ದೀಪ, ಚಳಿಗೆ ಬಿಸಿಗಾಳಿ ಬೀಸುವ ಒಂದು ಯಂತ್ರ, ಎಲ್ಲವೂ ಒಂದು ಸಣ್ಣ ಕೋಣೆಯಷ್ಟು ಜಾಗದಲ್ಲಿ. ಮಾಡಿನ ಮೇಲೆ ನೂರು ವ್ಯಾಟಿನ ಎರಡು ಸೌರಫಲಕಗಳನ್ನು ಅಂಗಾತ ಮಲಗಿಸಿದ್ದರು. ಹಾಸಿಗೆಯ ಕೆಳಗೆ ತಲಾ ನೂರು ಆಂಪೇರ್-ಗಂಟೆಯ ಎರಡು ಸೀಸದ ಬ್ಯಾಟರಿಗಳು. "ಅಪ್ಪ, ಒಂದು ವಾರ ಮರುಭೂಮಿಯಲ್ಲಿ ಇದ್ದು ಬರೋಣ, ಅಮ್ಮನಿಗೆ ನಕ್ಷತ್ರ ತೋರಿಸಬೇಕು" ಎಂದು ಮಗಳು ಹೊರಡಿಸಿದಳು.

ನಾವು ಹೋದ ಊರು ಕ್ವಾರ್ಟ್ಸೈಟ್. ಫೀನಿಕ್ಸಿನಿಂದ ಪಶ್ಚಿಮಕ್ಕೆ ಸುಮಾರು 200 ಕಿಲೋಮೀಟರ್. ಬೇಸಗೆಯಲ್ಲಿ ಬೆಂಕಿಯಂತೆ ಸುಡುವ ಈ ಪುಟ್ಟ ಊರು ಚಳಿಗಾಲದಲ್ಲಿ ಜಾತ್ರೆಯಾಗುತ್ತದೆ. ಉತ್ತರದ ಹಿಮದಿಂದ ತಪ್ಪಿಸಿಕೊಂಡು ಬರುವ ಸಾವಿರಾರು ಗಾಡಿಗಳು, ಬಹುಮಟ್ಟಿಗೆ ನಿವೃತ್ತರವು, ಸುತ್ತಣ ಸರಕಾರಿ ಬಯಲಿನಲ್ಲಿ ಬೀಡುಬಿಡುತ್ತವೆ. ಲಾ ಪೋಸ ಎಂಬ ಬಯಲಿನಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ದೀರ್ಘಕಾಲ ತಂಗಲು ಅನುಮತಿ ಉಂಟು. ಬೀಡುಬಿಟ್ಟ ಜಾಗದಲ್ಲಿ ವಿದ್ಯುತ್ತಿನ ತಂತಿಯೂ ಇಲ್ಲ, ನಲ್ಲಿಯೂ ಇಲ್ಲ. ಬೇಕಾದುದನ್ನು ಹೊತ್ತು ತರಬೇಕು, ಇಲ್ಲವೆ ಸೂರ್ಯನಿಂದ ಪಡೆಯಬೇಕು. ಆ ಊರಿನ ಸ್ಮಶಾನದಲ್ಲಿ ಒಂಟೆಯ ಬೊಂಬೆಯನ್ನು ನೆತ್ತಿಯ ಮೇಲೆ ಹೊತ್ತ ಕಲ್ಲಿನ ಗೋಪುರವೊಂದಿದೆ. 1850ರ ದಶಕದಲ್ಲಿ ಅಮೆರಿಕದ ಸೈನ್ಯ ಮರುಭೂಮಿಯ ಸಾಗಣೆಗೆಂದು ಒಂಟೆಗಳನ್ನು ತರಿಸಿದಾಗ ಅವುಗಳೊಂದಿಗೆ ಬಂದ ಹಾಜಿ ಅಲಿ ಎಂಬಾತನ ಸಮಾಧಿ ಅದು. ಆತ 1902ರಲ್ಲಿ ತೀರಿಕೊಂಡ. ತನ್ನ ದಾಸ್ತಾನನ್ನು ತಾನೇ ಹೊತ್ತು ನಡೆಯುವ ಪ್ರಾಣಿಯ ಗುರುತು ಆ ಊರಿಗೆ ಚೆನ್ನಾಗಿ ಒಪ್ಪುತ್ತದೆ ಎಂದು ನನಗೆ ಆಮೇಲೆ ತೋರಿತು.

ಇನ್ನು ಒಂದು ವಿಷಯ ಹೇಳಬೇಕು. ನನ್ನ ಹೆಂಡತಿಗೆ ನಿದ್ರೆಯಲ್ಲಿ ಗಂಟಲಿನ ದಾರಿ ಕುಸಿದು ಉಸಿರು ನಿಂತು ನಿಂತು ಬರುವ ತೊಂದರೆ ಇದೆ. ರಾತ್ರಿ ಮಲಗುವಾಗ ಮುಖಕ್ಕೆ ಮುಸುಕಿನಂತಹ ಸಾಧನವನ್ನು ಕಟ್ಟಿಕೊಂಡು, ಸಣ್ಣ ಯಂತ್ರವೊಂದು ಹದವಾದ ಒತ್ತಡದಲ್ಲಿ ಊದುವ ಗಾಳಿಯನ್ನು ಉಸಿರಾಡುತ್ತಾಳೆ. ಯಂತ್ರ ನಿಂತರೆ ಕೂಡಲೇ ಪ್ರಾಣಾಪಾಯವೇನಿಲ್ಲ. ಆದರೆ ಅಂದಿನ ನಿದ್ರೆ ಅಲ್ಲಿಗೆ ಮುಗಿಯಿತು. ಅನೇಕ ವರ್ಷ ಅವಳ ಉಸಿರು ಕಟ್ಟುವುದನ್ನು ಪಕ್ಕದಲ್ಲಿ ಮಲಗಿ ಎಣಿಸಿದ್ದ ನನಗೆ, ಆ ಯಂತ್ರದ ಸಣ್ಣ ಸದ್ದು ಒಂದು ಅಭಯದಂತೆ. ಅದು ಮನೆಯ ವಿದ್ಯುತ್ತಿನಿಂದ ನಡೆಯುವಂಥದು. ಗಾಡಿಯಲ್ಲಿ ಬ್ಯಾಟರಿಯ 12 ವೋಲ್ಟನ್ನು ಮನೆಯ ವಿದ್ಯುತ್ತಾಗಿ ಮಾರ್ಪಡಿಸುವ ಇನ್ವರ್ಟರಿಗೆ ಅದನ್ನು ಸಿಕ್ಕಿಸಿದೆವು.

ಹೊರಡುವಾಗ ಬ್ಯಾಟರಿ ತುಂಬಿತ್ತು. ಮೊದಲ ರಾತ್ರಿ ಸುಖವಾಗಿ ಕಳೆಯಿತು. ಮರುದಿನ ಆಕಾಶ ನಿರ್ಮಲ. ಸಂಜೆಯವರೆಗೂ ಒಂದು ತುಣುಕು ಮೋಡ ಬರಲಿಲ್ಲ. ಸಂಜೆ ಐದು ಗಂಟೆಗೆ ನಾನು ಗೋಡೆಯ ಮೇಲಿದ್ದ ವೋಲ್ಟ್‌ಮೀಟರನ್ನು ನೋಡಿದೆ: 12.9. ಸೀಸದ ಬ್ಯಾಟರಿ ತುಂಬಿದಾಗ ಸುಮಾರು 12.7 ವೋಲ್ಟು ತೋರಿಸುತ್ತದೆ, ಅರ್ಧವಾದಾಗ ಸುಮಾರು 12.2 ಎಂಬುದನ್ನು ಬಲ್ಲ ನಾನು, "ತುಂಬಿ ತುಳುಕುತ್ತಿದೆ, ಯೋಚನೆ ಇಲ್ಲ" ಎಂದು ಭರವಸೆ ಕೊಟ್ಟೆ. ಬೆಳಗಿನ ಜಾವ ಮೂರರ ಹೊತ್ತಿಗೆ ಇನ್ವರ್ಟರು ಕೀಚು ದನಿಯಲ್ಲಿ ಕೂಗಿ, ಒಂದು ನಿಮಿಷದಲ್ಲಿ ಸುಮ್ಮನಾಯಿತು. ಅದರೊಂದಿಗೆ ಗಾಳಿಯ ಯಂತ್ರವೂ ನಿಂತಿತು, ಬಿಸಿಗಾಳಿಯೂ ನಿಂತಿತು. ನನ್ನ ಹೆಂಡತಿ ಮುಸುಕನ್ನು ಕಿತ್ತು ಎದ್ದು ಕುಳಿತಳು. ಬೆಳಗಾಗುವವರೆಗೆ ಮೂವರೂ ಕಂಬಳಿ ಹೊದ್ದು ಕುಳಿತೆವು. ಅವಳು ಒಂದೇ ಮಾತು ಕೇಳಿದಳು: "ನೀವು ಮೂವತ್ತಮೂರು ವರ್ಷ ಇದನ್ನೇ ಅಲ್ಲವೆ ಪಾಠ ಹೇಳಿದ್ದು?"

ತಪ್ಪು ಎಲ್ಲಿ ಆಯಿತು? ನಾನು ತರಗತಿಯಲ್ಲಿ ವೋಲ್ಟೇಜನ್ನು ತೊಟ್ಟಿಯ ನೀರಿನ ಮಟ್ಟಕ್ಕೆ ಹೋಲಿಸುತ್ತಿದ್ದೆ. ಮಟ್ಟ ನೋಡಿದರೆ ನೀರು ಎಷ್ಟಿದೆಯೆಂದು ತಿಳಿಯುತ್ತದಲ್ಲ! ಬ್ಯಾಟರಿಯ ವಿಷಯದಲ್ಲಿ ತೊಟ್ಟಿಗಿಂತ ನಮ್ಮ ತೋಟದ ಬಾವಿಯ ಹೋಲಿಕೆ ಸರಿ. ಪಂಪು ನಡೆಯುವಾಗ ಬಾವಿಯ ಮಟ್ಟ ಇಳಿದಿರುತ್ತದೆ. ನಿಲ್ಲಿಸಿದ ಮೇಲೆ ಸೆಲೆಯ ನೀರು ಊರಿ ಮತ್ತೆ ಏರುತ್ತದೆ. ಬಾವಿಯ ನಿಜವಾದ ಮಟ್ಟವನ್ನು ತಿಳಿಯಬೇಕೆನ್ನುವ ರೈತ ರಾತ್ರಿಯೆಲ್ಲ ಬಿಟ್ಟು ಬೆಳಗ್ಗೆ ನೋಡುತ್ತಾನೆ. ಬ್ಯಾಟರಿಯೂ ಹಾಗೆಯೇ. ಅದರಿಂದ ವಿದ್ಯುತ್ತನ್ನು ಎಳೆಯುವಾಗ ವೋಲ್ಟೇಜು ಇದ್ದುದಕ್ಕಿಂತ ಕಡಿಮೆ ತೋರುತ್ತದೆ. ತುಂಬುವಾಗ ಹೆಚ್ಚು ತೋರುತ್ತದೆ. ತುಂಬುವುದು ನಿಂತ ಮೇಲೂ ಕೆಲವು ಗಂಟೆ ಆ ಹುಸಿ ಏರು ಉಳಿದಿರುತ್ತದೆ. ಸೀಸದ ಫಲಕಗಳ ಮೇಲ್ಮೈ ಮಾತ್ರ ತುಂಬಿ, ಒಳಗಿನ ಪದರ ಇನ್ನೂ ಹಸಿದಿರುವಾಗ ಹೀಗಾಗುತ್ತದೆ. ನಾನು ಸಂಜೆ ಐದಕ್ಕೆ ಓದಿದ 12.9 ಈ ಹುಸಿ ಏರು. ಆಗಲೇ ಬ್ಯಾಟರಿಯ ಒಡಲು ಅರ್ಧಕ್ಕಿಂತ ಕೆಳಗೆ ಹೋಗಿತ್ತು.

ಕೇಳುಗರಲ್ಲಿ ಹಿರಿಯರಿಗೆ ಒಂದು ನೆನಪಿರಬಹುದು. ಟಾರ್ಚಿನ ಬೆಳಕು ಮಂಕಾದರೆ ಸೆಲ್ಲುಗಳನ್ನು ತೆಗೆದು ಜಗಲಿಯ ಬಿಸಿಲಿನಲ್ಲಿಡುತ್ತಿದ್ದೆವು. ಸಂಜೆ ಮತ್ತೆ ಹಾಕಿದರೆ ಟಾರ್ಚು ಚೆನ್ನಾಗಿ ಬೆಳಗುತ್ತಿತ್ತು, ಐದು ನಿಮಿಷ. ವಿಶ್ರಾಂತಿಯಿಂದಲೂ ಬಿಸುಪಿನಿಂದಲೂ ಸೆಲ್ಲಿನ ವೋಲ್ಟೇಜು ಚೇತರಿಸಿಕೊಳ್ಳುತ್ತಿತ್ತು. ಒಳಗಿನ ದಾಸ್ತಾನು ಮಾತ್ರ ಒಂದು ಕಾಳೂ ಹೆಚ್ಚುತ್ತಿರಲಿಲ್ಲ. ಬಾಲ್ಯದಲ್ಲೇ ಕಂಡಿದ್ದ ಪಾಠವನ್ನು ಮೇಷ್ಟ್ರಾದ ಮೇಲೆ ಮರೆತಿದ್ದೆ.

ಬೆಳಗ್ಗೆ ನಮ್ಮ ಪಕ್ಕದ ಗಾಡಿಯ ವೃದ್ಧರೊಬ್ಬರು ಕಾಫಿಯ ಬಟ್ಟಲು ಹಿಡಿದು ಬಂದರು. ಇನ್ವರ್ಟರಿನ ಕೂಗು ಅವರಿಗೂ ಕೇಳಿಸಿತ್ತು. ನಮ್ಮ ವೋಲ್ಟ್‌ಮೀಟರನ್ನೂ, ಸೌರಫಲಕದ ನಿಯಂತ್ರಕವನ್ನೂ ನೋಡಿ, ಬಂದದ್ದನ್ನು ಬರೆಯುವ ಯಂತ್ರ ನಿಮ್ಮಲ್ಲಿದೆ, ಹೋದದ್ದನ್ನು ಬರೆಯುವವರು ಯಾರು ಎಂಬ ಅರ್ಥದ ಮಾತು ಹೇಳಿದರು. ನನಗೆ ನಮ್ಮೂರಿನ ಜವಳಿ ಅಂಗಡಿಯ ಶೆಟ್ಟರ ನೆನಪಾಯಿತು. ಅವರ ಕಿರ್ದಿ ಪುಸ್ತಕದಲ್ಲಿ ಒಂದು ಬದಿಗೆ ಜಮೆ, ಇನ್ನೊಂದು ಬದಿಗೆ ಖರ್ಚು, ಕೆಳಗೆ ಶಿಲ್ಕು. ಗಲ್ಲಾಪೆಟ್ಟಿಗೆ ಭಾರವಾಗಿ ಕಂಡಿತೆಂದು ಅವರು ಯಾವತ್ತೂ ತೃಪ್ತರಾದವರಲ್ಲ. ನಮ್ಮ ಗಾಡಿಯಲ್ಲಿ ಜಮೆಯ ಪುಟ ಮಾತ್ರ ಇತ್ತು.

ಹಗಲಿನ ಹೊತ್ತು ಮಗಳು ಊರೊಳಗೆ ಹೋಗಿ ಬ್ಯಾಟರಿ ಮಾಪಕವೊಂದನ್ನು ಕೊಂಡುತಂದಳು. ಆ ಊರಿನಲ್ಲಿ ಸೌರಸಾಮಗ್ರಿಯ ಅಂಗಡಿಗಳಿಗೆ ಕೊರತೆಯಿಲ್ಲ. ಆ ಮಾಪಕದ ಹೃದಯ ಷಂಟ್ ಎಂಬ ಹಿತ್ತಾಳೆ ಬಣ್ಣದ ಗಟ್ಟಿ. ಬ್ಯಾಟರಿಯ ಋಣ ತುದಿಯಿಂದ ಹೊರಡುವ ತಂತಿಯನ್ನು ಕಡಿದು ನಡುವೆ ಅದನ್ನು ಸೇರಿಸುತ್ತಾರೆ. ಗಾಡಿಗೆ ಹೋಗುವ, ಗಾಡಿಯಿಂದ ಬರುವ ಎಲ್ಲ ವಿದ್ಯುತ್ತೂ ಆ ಗಟ್ಟಿಯನ್ನು ಹಾದೇ ಸಾಗಬೇಕು. ಅದರ ರೋಧ ಅತ್ಯಲ್ಪ, ಒಂದು ಓಮಿನ ಹತ್ತುಸಾವಿರದ ಒಂದು ಪಾಲು. 1827ರಲ್ಲಿ ಗೇಯಾರ್ಗ್ ಓಮ್ ಪ್ರಕಟಿಸಿದ ನಿಯಮದಂತೆ, ಅದರ ಮೂಲಕ 500 ಆಂಪೇರ್ ಹರಿದರೆ ಎರಡು ತುದಿಗಳ ನಡುವೆ 50 ಮಿಲಿವೋಲ್ಟು ಹುಟ್ಟುತ್ತದೆ. 5 ಆಂಪೇರ್ ಹರಿದರೆ ಅರ್ಧ ಮಿಲಿವೋಲ್ಟು. ಈ ಅತಿಸಣ್ಣ ವೋಲ್ಟೇಜನ್ನು ಸೂಕ್ಷ್ಮ ಮಂಡಲವೊಂದು ಬಿಡದೆ ಅಳೆಯುತ್ತಿರುತ್ತದೆ. ಪ್ರವಾಹವನ್ನು ಕಾಲದಿಂದ ಗುಣಿಸಿ, ಒಳಗೆ ಬಂದುದನ್ನು ಕೂಡಿ, ಹೊರಗೆ ಹೋದುದನ್ನು ಕಳೆದು, ಶೇಕಡಾ ಇಷ್ಟು ಉಳಿದಿದೆ ಎಂದು ತೋರಿಸುತ್ತದೆ. ಅದು ಮಟ್ಟವನ್ನು ಕಣ್ಣಂದಾಜಿನಲ್ಲಿ ಹೇಳುವುದಿಲ್ಲ. ಪ್ರತಿ ಕೊಡವನ್ನೂ ಎಣಿಸುತ್ತದೆ.

ಮಾಪಕ ಕೂತ ಮೇಲೆ ಮಗಳು ಮಾಡಿದ ಕೆಲಸವನ್ನು ನಾನು ಪ್ರತಿ ಗೃಹಸ್ಥರಿಗೂ ಶಿಫಾರಸು ಮಾಡುತ್ತೇನೆ. ಗಾಡಿಯಲ್ಲಿನ ಎಲ್ಲವನ್ನೂ ಆರಿಸಿ, ಒಂದೊಂದನ್ನೇ ಹೊತ್ತಿಸಿ, ಮಾಪಕದ ಅಂಕಿಯನ್ನು ಓದಿ ಚೀಟಿಯಲ್ಲಿ ಬರೆದಳು. ನಾಲ್ಕು ದೀಪಗಳು ರಾತ್ರಿ ನಾಲ್ಕು ಗಂಟೆ ಉರಿದರೆ 60 ವ್ಯಾಟ್-ಗಂಟೆ. ತಂಗಳುಪೆಟ್ಟಿಗೆ ನಡೆಯುವಾಗ 45 ವ್ಯಾಟು. ಆದರೆ ಚಳಿಯಲ್ಲಿ ದಿನದ ಮೂರನೆಯ ಒಂದು ಪಾಲು ಮಾತ್ರ ನಡೆಯುತ್ತಿದ್ದುದರಿಂದ ದಿನಕ್ಕೆ 360. ಬಿಸಿಗಾಳಿಯ ಬೀಸಣಿಗೆಗೆ 160. ಫೋನು, ಕಂಪ್ಯೂಟರಿಗೆ 100. ಉಸಿರಾಟದ ಯಂತ್ರ ಎಂಟು ಗಂಟೆಗೆ 400. ಕೊನೆಗೆ, ಏನನ್ನೂ ಸಿಕ್ಕಿಸದ ಬರಿಯ ಇನ್ವರ್ಟರನ್ನು ಹೊತ್ತಿಸಿದಳು. ಅಂಕಿ ಸೊನ್ನೆಯಲ್ಲಿ ನಿಲ್ಲಲಿಲ್ಲ: 15 ವ್ಯಾಟು. ನಾವು ಹಗಲಿರುಳು ಹೊತ್ತಿಸಿಯೇ ಇಟ್ಟಿದ್ದ ಆ ಪೆಟ್ಟಿಗೆ, ಸುಮ್ಮನೆ ಕುಳಿತೇ ದಿನಕ್ಕೆ 360 ವ್ಯಾಟ್-ಗಂಟೆಯನ್ನು, ಅಂದರೆ ತಂಗಳುಪೆಟ್ಟಿಗೆಯಷ್ಟೇ ಊಟವನ್ನು ಮಾಡುತ್ತಿತ್ತು.

ಒಟ್ಟು ಖರ್ಚು 1440 ವ್ಯಾಟ್-ಗಂಟೆ. ನಮ್ಮ ವಿದ್ಯುತ್ ಬಿಲ್ಲಿನ ಭಾಷೆಯಲ್ಲಿ ಸುಮಾರು ಒಂದೂವರೆ ಯೂನಿಟ್ಟು. ಬ್ಯಾಟರಿಯ ಸಾಮರ್ಥ್ಯವೆಷ್ಟು? ಹೆಸರಿಗೆ 200 ಆಂಪೇರ್-ಗಂಟೆ. 12 ವೋಲ್ಟಿನಿಂದ ಗುಣಿಸಿದರೆ 2400 ವ್ಯಾಟ್-ಗಂಟೆ. ಆದರೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ, ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿ ಹರಳುಗಟ್ಟಿ ಅದರ ಆಯುಷ್ಯ ಮೊಟಕಾಗುತ್ತದೆ. ನಮ್ಮವು ಹಾಗೆಯೇ ಸವೆದ ಹಳೆಯ ಬ್ಯಾಟರಿಗಳು. ಲೆಕ್ಕಹಾಕಿ ನೋಡಿದರೆ ಅವುಗಳಲ್ಲಿ ಉಳಿದಿದ್ದುದು ಸುಮಾರು 130 ಆಂಪೇರ್-ಗಂಟೆ. ಮುಖಬೆಲೆಯನ್ನು ನಂಬಿ ಮಾಪಕಕ್ಕೆ 200 ಎಂದು ಹೇಳಿಕೊಟ್ಟಿದ್ದರೆ, ಅದು ತೋರಿಸುವ ಶೇಕಡಾವಾರು ಮೊದಲ ದಿನವೇ ಸುಳ್ಳಾಗುತ್ತಿತ್ತು.

ಇನ್ನು ಜಮೆ. ಸೌರಫಲಕದ ಬೆನ್ನಿನ ಮೇಲೆ ಬರೆದ 100 ವ್ಯಾಟು ಒಂದು ಆದರ್ಶ ಸ್ಥಿತಿಯ ಅಂಕಿ: ಪ್ರತಿ ಚದರ ಮೀಟರಿಗೆ 1000 ವ್ಯಾಟಿನ ಬಿಸಿಲು ಬೀಳಬೇಕು, ಫಲಕದ ಕೋಶಗಳು 25 ಡಿಗ್ರಿಯಲ್ಲಿರಬೇಕು. ಜನವರಿಯ ನಡುವಿನಲ್ಲಿ ಕ್ವಾರ್ಟ್ಸೈಟಿನ ನಡುಹಗಲ ಸೂರ್ಯ ದಿಗಂತದಿಂದ ಸುಮಾರು 35 ಡಿಗ್ರಿ ಮಾತ್ರ ಮೇಲೇರುತ್ತಾನೆ. ಅಂಗಾತ ಮಲಗಿದ ಫಲಕಕ್ಕೆ ಆಗ ನೇರ ಬಿಸಿಲಿನ ನೂರರಲ್ಲಿ 58 ಪಾಲು ಸಿಕ್ಕುತ್ತದೆ. ಅದೇ ದಿನ ಅದೇ ಫಲಕವನ್ನು ಮೈಸೂರಿನ ಮಾಳಿಗೆಯ ಮೇಲೆ ಹಾಸಿದ್ದರೆ, ಸೂರ್ಯ 57 ಡಿಗ್ರಿ ಏರಿ 84 ಪಾಲು ಕೊಡುತ್ತಿದ್ದ. ಹಗಲೂ ಅಲ್ಲಿ ಹತ್ತು ಗಂಟೆಗಿಂತ ಸ್ವಲ್ಪವೇ ಹೆಚ್ಚು. ಹೀಗಾಗಿ ನಿರ್ಮಲವಾದ ಆಕಾಶದ ದಿನವೂ ನಮ್ಮ 200 ವ್ಯಾಟಿನ ಫಲಕಗಳು ಕೊಡುತ್ತಿದ್ದುದು 500 ವ್ಯಾಟ್-ಗಂಟೆ. ಆದಾಯ 500, ಖರ್ಚು 1440. ಮೊದಲ ರಾತ್ರಿ ಇಡುಗಂಟಿನಿಂದ ನಡೆಯಿತು. ಎರಡನೆಯ ರಾತ್ರಿ ಇಡುಗಂಟು ಮುಗಿಯಿತು. ಇದರಲ್ಲಿ ಯಾವ ರಹಸ್ಯವೂ ಇರಲಿಲ್ಲ. ಲೆಕ್ಕ ಇಟ್ಟವರಿರಲಿಲ್ಲ, ಅಷ್ಟೆ.

ಲೆಕ್ಕ ಕಂಡ ಮೇಲೆ ದಾರಿಯೂ ಕಂಡಿತು. ಇನ್ವರ್ಟರನ್ನು ಆರಿಸಿದೆವು. ಉಸಿರಾಟದ ಯಂತ್ರಕ್ಕೆ ಬ್ಯಾಟರಿಯಿಂದ ನೇರವಾಗಿ ವಿದ್ಯುತ್ ಪಡೆಯುವ ಜೋಡಣೆಯೊಂದು ದೊರೆಯಿತು. ಆ ಯಂತ್ರದ ಖರ್ಚಿನ ಬಹುಭಾಗ ಗಾಳಿಯನ್ನೂದುವುದಕ್ಕಲ್ಲ, ಗಾಳಿಗೆ ತೇವ ಸೇರಿಸಲು ನೀರನ್ನು ಬಿಸಿಮಾಡುವುದಕ್ಕೆ ಎಂಬುದು ಅಂಕಿಗಳಿಂದಲೇ ತಿಳಿಯಿತು. ವೈದ್ಯರನ್ನು ಫೋನಿನಲ್ಲಿ ಕೇಳಿ, ಅವರು ಆಗಬಹುದೆಂದ ಮೇಲೆ, ನೀರು ಬಿಸಿಮಾಡುವ ಭಾಗವನ್ನು ನಿಲ್ಲಿಸಿದೆವು. 400 ಇದ್ದುದು 90ಕ್ಕೆ ಇಳಿಯಿತು. ಒಟ್ಟು ಖರ್ಚು 770. ಫಲಕಗಳ ಒಂದು ಬದಿಯ ಬೋಲ್ಟುಗಳನ್ನು ಕಳಚಿ, ಮರದ ತುಂಡುಗಳನ್ನು ಊರೆಕೊಟ್ಟು, ದಕ್ಷಿಣದ ಸೂರ್ಯನಿಗೆ ಮುಖಮಾಡಿ ಎತ್ತಿ ನಿಲ್ಲಿಸಿದೆವು. ಜಮೆ ಒಂದೂವರೆ ಪಟ್ಟಿಗಿಂತ ಸ್ವಲ್ಪ ಮೇಲಾಗಿ 780ರ ಆಸುಪಾಸಿಗೆ ಬಂತು. ಆದಾಯವೂ ವೆಚ್ಚವೂ ಕೊನೆಗೆ ಒಂದಕ್ಕೊಂದು ತೂಗಿದುವು. ಕುಸಿದಿದ್ದ ಇಡುಗಂಟನ್ನು ತುಂಬಲು ಒಂದು ಮಧ್ಯಾಹ್ನ ಗಾಡಿಯನ್ನೇ ಎರಡು ಗಂಟೆ ಓಡಿಸಿ, ಎಂಜಿನ್ನಿನ ವಿದ್ಯುತ್ತನ್ನು ಬ್ಯಾಟರಿಗೆ ಉಣಿಸಿದೆವು.

ಆದರೆ ಕಿರ್ದಿಗೂ ತನ್ನದೇ ಆದ ರೋಗಗಳುಂಟು. ಮರುದಿನ ರಾತ್ರಿ ಬಿಸಿಗಾಳಿಯ ಬೀಸಣಿಗೆ ತಿರುಗುತ್ತಿದ್ದರೂ ಮಾಪಕ ಸೊನ್ನೆ ತೋರಿಸುತ್ತಿತ್ತು. ಟಾರ್ಚು ಹಿಡಿದು ನೋಡಿದರೆ, ಆ ಬೀಸಣಿಗೆಯ ಋಣ ತಂತಿಯೊಂದು ಷಂಟನ್ನು ಹಾಯದೆ ನೇರವಾಗಿ ಬ್ಯಾಟರಿಯ ತುದಿಗೇ ಕಟ್ಟಿಕೊಂಡಿತ್ತು. ಅಂಗಡಿಯ ಹಿಂಬಾಗಿಲಿನಿಂದ ಸಾಮಾನು ಸಾಗಿದರೆ ಕಿರ್ದಿಗೆ ತಿಳಿಯುವ ಬಗೆಯೇನು? ಒಂದು ತಂತಿ ಹೀಗೆ ತಪ್ಪಿಸಿಕೊಂಡರೆ ಸಾಕು, ಶಿಲ್ಕು ದಿನದಿನವೂ ಇದ್ದುದಕ್ಕಿಂತ ಹೆಚ್ಚು ಕಾಣುತ್ತ ಹೋಗುತ್ತದೆ. ಮಗಳು ಆ ತಂತಿಯನ್ನು ತೆಗೆದು ಷಂಟಿನ ಆಚೆಯ ಬದಿಗೆ ಸೇರಿಸಿದಳು.

ಎರಡನೆಯ ರೋಗ ಇನ್ನೂ ಸೂಕ್ಷ್ಮ. ಬ್ಯಾಟರಿಗೆ ಹಾಕಿದ ನೂರರಲ್ಲಿ ನೂರೂ ಹಿಂದಕ್ಕೆ ಬರುವುದಿಲ್ಲ. ಸೀಸದ ಬ್ಯಾಟರಿಯಲ್ಲಿ ಐದೋ ಹತ್ತೋ ಪಾಲು ದಾರಿಯಲ್ಲೇ ಸೋರಿಹೋಗುತ್ತದೆ. ಬೇಗ ಎಳೆದಷ್ಟೂ ಒಟ್ಟು ಸಿಕ್ಕುವುದು ಕಡಿಮೆ ಎಂಬುದನ್ನು ಜರ್ಮನಿಯ ವಿಲ್ಹೆಲ್ಮ್ ಪೊಯ್ಕರ್ಟ್ 1897ರಲ್ಲೇ ಒಂದು ಸೂತ್ರವಾಗಿ ಹೇಳಿದ್ದ. ನೂರು ಆಂಪೇರ್-ಗಂಟೆ ಎಂಬ ಮಾತಿನ ಅರ್ಥ, ಸಾಮಾನ್ಯವಾಗಿ, ಇಪ್ಪತ್ತು ಗಂಟೆಗಳ ಕಾಲ ಐದೈದು ಆಂಪೇರಿನಂತೆ ನಿಧಾನವಾಗಿ ಪಡೆದರೆ ಎಂದು. ಚಹಾಕ್ಕೆಂದು ಸಾವಿರ ವ್ಯಾಟಿನ ವಿದ್ಯುತ್ ಕೆಟಲನ್ನು ಇನ್ವರ್ಟರಿಗೆ ಸಿಕ್ಕಿಸಿದರೆ ಬ್ಯಾಟರಿ ಒಮ್ಮೆಗೇ ತೊಂಬತ್ತು ಆಂಪೇರಿಗೂ ಹೆಚ್ಚು ಕೊಡಬೇಕಾಗುತ್ತದೆ; ಹಳೆಯ ಬ್ಯಾಟರಿ ಅಲ್ಲೇ ಮಂಡಿಯೂರುತ್ತದೆ. ಮಾಪಕ ಈ ನಷ್ಟಗಳಿಗೆ ಒಂದು ಅಂದಾಜನ್ನು ಇಟ್ಟುಕೊಂಡಿರುತ್ತದೆ. ಅಂದಾಜಿನಲ್ಲಿ ದಿನಕ್ಕೆ ಒಂದೆರಡು ಪಾಲಿನ ತಪ್ಪು ಇದ್ದರೂ, ಹದಿನೈದು ದಿನದಲ್ಲಿ ಅದು ಬೆಟ್ಟವಾಗುತ್ತದೆ. ಆದುದರಿಂದ ಆಗಾಗ ಬ್ಯಾಟರಿಯನ್ನು ಪೂರ್ತಿಯಾಗಿ ತುಂಬಬೇಕು. ವೋಲ್ಟೇಜು ನಿಗದಿಯ ಮೇಲ್ಮಟ್ಟದಲ್ಲಿ ನಿಂತು, ಒಳಗೆ ಹರಿಯುವ ಪ್ರವಾಹ ಹನಿಯಷ್ಟಾದಾಗ, ಮಾಪಕ ಇದು ನೂರು ಎಂದು ಒಪ್ಪಿಕೊಂಡು ಲೆಕ್ಕವನ್ನು ಹೊಸದಾಗಿ ಆರಂಭಿಸುತ್ತದೆ. ಶೆಟ್ಟರು ತಿಂಗಳಿಗೊಮ್ಮೆ ಗಲ್ಲಾಪೆಟ್ಟಿಗೆ ಬರಿದುಮಾಡಿ ಎಣಿಸಿ ತಾಳೆ ನೋಡುತ್ತಿದ್ದರಲ್ಲ, ಇದೂ ಅದೇ.

ಅಂಕಿಗಳನ್ನು ಓದುವುದರಲ್ಲಿಯೂ ವಿವೇಕ ಬೇಕು. ಒಂದು ಮಧ್ಯಾಹ್ನ ಮೂರರ ಹೊತ್ತಿಗೆ ಜಮೆಯ ಪ್ರವಾಹ ಥಟ್ಟನೆ ಅರ್ಧವಾಯಿತು. ಆಕಾಶದಲ್ಲಿ ಮೋಡವಿಲ್ಲ. ಮಾಡಿನ ಗಾಳಿಗಿಂಡಿಯ ಮುಚ್ಚಳದ ನೆರಳು, ಅಂಗೈಯಗಲದ್ದು, ಒಂದು ಫಲಕದ ಮೂಲೆಗೆ ಬಿದ್ದಿತ್ತು. ಫಲಕದ ಕೋಶಗಳು ಸರಪಣಿಯಂತೆ ಒಂದರ ಹಿಂದೊಂದು ಜೋಡಣೆಯಾಗಿರುವುದರಿಂದ, ಒಂದರ ಮೇಲೆ ನೆರಳು ಬಿದ್ದರೆ ಸಾಲಿನ ಸಾಲೇ ಸೊರಗುತ್ತದೆ. ಮುಚ್ಚಳವನ್ನು ಇಳಿಸಿದೊಡನೆ ಅಂಕಿ ಮೇಲೇರಿತು. ಇನ್ನೊಂದು ದಿನ ಹೀಗೆಯೇ ಇಳಿದಾಗ ನಾನು ನೆರಳನ್ನು ಹುಡುಕುತ್ತ ಏಣಿ ಹತ್ತಿದೆ. ಮಗಳು ನಕ್ಕು, "ಅಪ್ಪ, ಶೇಕಡಾ ನೂರಾಗಿದೆ, ನೋಡಿ" ಎಂದಳು. ಬ್ಯಾಟರಿಗೆ ಹೊಟ್ಟೆ ತುಂಬಿದ್ದರಿಂದ ನಿಯಂತ್ರಕವೇ ಪ್ರವಾಹವನ್ನು ತಗ್ಗಿಸಿತ್ತು. ಒಂದೇ ಅಂಕಿ ಬರಗಾಲವನ್ನೂ ಹೇಳಬಹುದು, ಸಮೃದ್ಧಿಯನ್ನೂ ಹೇಳಬಹುದು. ಪಕ್ಕದ ಅಂಕಿಯನ್ನು ಕೂಡಿಸಿ ಓದದಿದ್ದರೆ ಯಾವುದೆಂದು ತಿಳಿಯದು.

2024ರಲ್ಲಿ ಮಗಳು ಸೀಸದ ಬ್ಯಾಟರಿಗಳನ್ನು ತೆಗೆದು ಲಿಥಿಯಂ ಕಬ್ಬಿಣ ಫಾಸ್ಫೇಟಿನ ಬ್ಯಾಟರಿ ಹಾಕಿಸಿದಳು. ಸೀಸದ ಬ್ಯಾಟರಿ 1859ರಲ್ಲಿ ಫ್ರಾನ್ಸಿನ ಗಾಸ್ತೊಂ ಪ್ಲಾಂತೆ ರಚಿಸಿದ್ದು. ಈ ಹೊಸ ವಸ್ತುವಿನ ಗುಣಗಳನ್ನು ತಿಳಿಸಿದ ಪ್ರಬಂಧ 1997ರಲ್ಲಿ ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದಿಂದ ಬಂತು. ಅದರ ಲೇಖಕರು ಪಾಧಿ, ನಂಜುಂಡಸ್ವಾಮಿ ಮತ್ತು ಗುಡ್ಇನಫ್. ನಡುವಣ ಹೆಸರು ನಮ್ಮ ಕಿವಿಗೆ ಎಷ್ಟು ಪರಿಚಿತವಾಗಿ ಕೇಳಿಸುತ್ತದೆ! ಗುಡ್ಇನಫ್ ಲಿಥಿಯಂ ಬ್ಯಾಟರಿಗಳ ಸಂಶೋಧನೆಗಾಗಿ 2019ರಲ್ಲಿ ನೊಬೆಲ್ ಬಹುಮಾನವನ್ನು ಇನ್ನಿಬ್ಬರೊಂದಿಗೆ ಹಂಚಿಕೊಂಡರು. ಈ ಬ್ಯಾಟರಿ ಹಗುರ; ದಾಸ್ತಾನಿನ ಬಹುಪಾಲನ್ನು ಬಳಸಿದರೂ ಬೇಗ ಕೆಡದು. ಆದರೆ ವೋಲ್ಟೇಜನ್ನು ನೋಡಿ ಶಿಲ್ಕನ್ನು ಊಹಿಸುವವನಿಗೆ ಇದು ಸೀಸಕ್ಕಿಂತ ದೊಡ್ಡ ಒಗಟು. ನೂರರಲ್ಲಿ ಎಂಬತ್ತು ಇದ್ದಾಗಲೂ ಮೂವತ್ತು ಇದ್ದಾಗಲೂ ವೋಲ್ಟೇಜಿನಲ್ಲಿ ಕಾಣುವ ವ್ಯತ್ಯಾಸ ಒಂದು ವೋಲ್ಟಿನ ಹತ್ತನೆಯ ಒಂದೆರಡು ಪಾಲು ಮಾತ್ರ. ಕೊನೆಯವರೆಗೂ ನಗುಮುಖದಿಂದಿದ್ದು ಇದ್ದಕ್ಕಿದ್ದಂತೆ ಕುಸಿಯುವ ಸ್ವಭಾವ ಅದರದು. ಇದಕ್ಕೆ ಎಣಿಸುವ ಮಾಪಕ ಇರಲೇಬೇಕು. ಮತ್ತೊಂದು ಎಚ್ಚರಿಕೆ: ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಇದನ್ನು ತುಂಬಬಾರದು. ತುಂಬಿದರೆ ಒಳಗೆ ಲಿಥಿಯಂ ಲೋಹವಾಗಿ ಅಂಟಿಕೊಂಡು ಬ್ಯಾಟರಿ ಶಾಶ್ವತವಾಗಿ ಕೆಡುತ್ತದೆ.

ಆ ಜನವರಿಯ ಪ್ರವಾಸದ ಕೊನೆಯ ರಾತ್ರಿ ನನಗೆ ಎಚ್ಚರವಾಯಿತು. ಗಂಟೆ ಮೂರು. ಹೊರಗೆ ಮರುಭೂಮಿ ನಿಶ್ಶಬ್ದ. ಗಾಳಿಯ ಯಂತ್ರದ ಸದ್ದು ಸಣ್ಣಗೆ ಕೇಳಿಸುತ್ತಿತ್ತು. ಅಭ್ಯಾಸದಂತೆ ಕಿವಿಗೊಟ್ಟು ಮಲಗಿದೆ. ನನ್ನ ಹೆಂಡತಿಯ ಉಸಿರು ಒಂದು ಸಲವೂ ತಡೆಯಲಿಲ್ಲ. ಎದ್ದು ಮಾಪಕವನ್ನು ನೋಡಿದೆ: ಶೇಕಡಾ 71, ಹೊರಗೆ ಹೋಗುತ್ತಿದ್ದುದು ಎರಡೂವರೆ ಆಂಪೇರ್. ಬೆಳಗಾಗಲು ನಾಲ್ಕೂವರೆ ಗಂಟೆ. ಮನಸ್ಸಿನಲ್ಲೇ ಗುಣಿಸಿದೆ: ಹನ್ನೊಂದು ಆಂಪೇರ್-ಗಂಟೆ ಹೋದೀತು, 130ರಲ್ಲಿ ನೂರಕ್ಕೆ ಒಂಬತ್ತು. ಬೆಳಗ್ಗೆ 62 ಉಳಿದಿರಬೇಕು. ಮತ್ತೆ ಮಲಗಿ ನಿದ್ರೆ ಹೋದೆ. ಬೆಳಗ್ಗೆ ಎದ್ದಾಗ ಅದು 62ನ್ನೇ ತೋರಿಸುತ್ತಿತ್ತು. ಪರೀಕ್ಷೆಯಲ್ಲಿ ಪಾಸಾದ ಹುಡುಗನ ಹಾಗೆ ಅದನ್ನು ಹೆಂಡತಿಗೆ ತೋರಿಸಿದೆ. ಅವಳು ನಕ್ಕು, "ಇವತ್ತಾದರೂ ಸರಿಯಾಗಿ ಪಾಠ ಒಪ್ಪಿಸಿದಿರಿ" ಎಂದಳು.

ಊರಿಗೆ ಬಂದ ಮೇಲೆ ನಮ್ಮ ಹಜಾರದ ಇನ್ವರ್ಟರನ್ನು ಬೇರೆ ಕಣ್ಣಿನಿಂದ ನೋಡತೊಡಗಿದ್ದೇನೆ. ಅದರ ಮುಖದ ಮೇಲೆ ನಾಲ್ಕು ಹಸಿರು ದೀಪಗಳಿವೆ. ಅವೂ ವೋಲ್ಟೇಜನ್ನೇ ನೋಡಿ ಹೊತ್ತುವಂಥವು. ಕರೆಂಟು ಬಂದ ಸ್ವಲ್ಪ ಹೊತ್ತಿಗೇ ನಾಲ್ಕೂ ಬೆಳಗಿ ಭರವಸೆ ಕೊಡುತ್ತವೆ. ನಾನು ಒಂದು ಭಾನುವಾರ ಮನೆಯ ಫ್ಯಾನು, ದೀಪ, ಎಲ್ಲದರ ವ್ಯಾಟನ್ನೂ ಪಟ್ಟಿಮಾಡಿದೆ. ಕರೆಂಟು ಹೋದಾಗ ಯಾವುದು ಎಷ್ಟು ಹೊತ್ತು ನಡೆಯಿತೆಂಬುದನ್ನು ಬರೆದಿಡಲು ಒಂದು ಪುಸ್ತಕ ಬೇಕಾಯಿತು. ನನ್ನ ಹೆಂಡತಿ ಹಾಲಿನ ಲೆಕ್ಕದ ಪುಸ್ತಕದಲ್ಲೇ ನಾಲ್ಕು ಹಾಳೆ ಬಿಟ್ಟುಕೊಟ್ಟಳು. ಒಂದು ಪುಟದಲ್ಲಿ ಹಾಲಿನ ಲೆಕ್ಕ, ಎದುರು ಪುಟದಲ್ಲಿ ಬ್ಯಾಟರಿಯದು. ಕಳೆದ ವಾರ ಕರೆಂಟು ನಾಲ್ಕು ಗಂಟೆ ಹೋಗಿತ್ತು. ಇನ್ನೆಷ್ಟು ಹೊತ್ತು ಯಂತ್ರ ನಡೆದೀತೆಂದು ಅವಳು ಕೇಳಲಿಲ್ಲ. ಪುಸ್ತಕ ತೆರೆದು ತಾನೇ ನೋಡಿಕೊಂಡು ಮಲಗಿದಳು.

(ಬಾನುಲಿ ಭಾಷಣ)